ಅವರು ಸುಮ್ನೆ ಕೂತಿರಲಿಲ್ಲ

ನಮಸ್ಕಾರ ಗೆಳೆಯರೇ. ತೇಲುವ ಮಂಜುಗಡ್ಡೆಯ ಮೇಲೆ ಸೋವಿಯತ್ ತಂಡ ಹೂಡಿದ ಮೊದಲ ಸಂಶೋಧನಾ ಠಾಣೆ 'ಉತ್ತರ ಧ್ರುವ-1'ರ ಬಗ್ಗೆ ಹೋದ ವಾರ ಮಾಡಿದ ವಿಡಿಯೋ ನೋಡಿ ಒಬ್ಬರು ಬರೆದಿದ್ದಾರೆ: 'ಮಂಜುಗಡ್ಡೆ ಮೇಲೆ ಕೂತರು, ಅದು ತೇಲಿಕೊಂಡು ಹೋಯ್ತು. ಇದರಲ್ಲಿ ಅವರು ಮಾಡಿದ್ದೇನು?'

ಎರಡು ದಿನದಿಂದ ಈ ಮಾತು ತಲೆಯಲ್ಲೇ ಕೂತಿದೆ. ಹಾಗಾಗಿ ಇವತ್ತು ಬೇರೆ ವಿಷಯ ಇಲ್ಲ. ಅವರು ಸುಮ್ನೆ ಕೂತಿರಲಿಲ್ಲ!

1937ರ ಮೇ 21. ಸೋವಿಯತ್ ವಿಮಾನವೊಂದು ಉತ್ತರ ಧ್ರುವದ ಹತ್ತಿರ ಮಂಜಿನ ಮೇಲೆ ಇಳಿಯಿತು. ಜೂನ್ 6ಕ್ಕೆ ವಿಮಾನಗಳೆಲ್ಲ ವಾಪಸ್ ಹೊರಟವು. ಉಳಿದವರು ನಾಲ್ಕೇ ಜನ. ಮುಖ್ಯಸ್ಥ ಪಪಾನಿನ್, ರೇಡಿಯೋ ನೋಡಿಕೊಳ್ಳುವ ಕ್ರೆಂಕೆಲ್, ಸಮುದ್ರ ಅಧ್ಯಯನದ ಶಿರ್ಶೋವ್, ಹವಾಮಾನದ ಫ್ಯೋದೊರೊವ್. ಜೊತೆಗೆ ವೆಸ್ಯೋಲಿ ಅನ್ನುವ ನಾಯಿ. (ಆ ನಾಯಿ ಬಗ್ಗೆ ಒಂದು ಪೂರ್ತಿ ಸಂಚಿಕೆ ಮಾಡಬೇಕು ಅಂತ ನನಗೆ ಬಹಳ ಆಸೆ ಇದೆ.)

ಮಂಜಿನಲ್ಲಿ ತೂತು ಕೊರೆದು ತಂತಿ ಇಳಿಬಿಟ್ಟರು. ತಳ ಸಿಕ್ಕಿದ್ದು 4,290 ಮೀಟರ್ ಆಳದಲ್ಲಿ. ಅಷ್ಟುದ್ದದ ತಂತಿಯನ್ನು ವಾಪಸ್ ಎಳೆದಿದ್ದು ಯಂತ್ರ ಅಲ್ಲ, ಕೈ. ರಾಟೆ ತಿರುಗಿಸುತ್ತಾ ಗಂಟೆಗಟ್ಟಲೆ ನಿಲ್ಲಬೇಕು, ಆ ಚಳಿಯಲ್ಲಿ. ಇದು ಸುಮ್ನೆ ಕೂತಿರೋದಾ?

ಧ್ರುವದ ನೀರಿನಲ್ಲಿ ಜೀವವೇ ಇರಲಾರದು ಅನ್ನುವ ನಂಬಿಕೆ ಇತ್ತು. ಶಿರ್ಶೋವ್ ಬಲೆ ಇಳಿಸಿದರು, ಜೀವಿಗಳು ಸಿಕ್ಕವು. ಕೆಲವು ನೂರು ಮೀಟರ್ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರಿನ ಪದರವೂ ಸಿಕ್ಕಿತು. ಅದೇ ಜೂನ್‌ನಲ್ಲಿ ಸೋವಿಯತ್ ಪೈಲಟ್ ಚ್ಕಾಲೊವ್ ಧ್ರುವದ ಮೇಲಿಂದ ಅಮೆರಿಕಕ್ಕೆ ಹಾರಿದರಲ್ಲ, ಅವರಿಗೆ ಹವಾಮಾನ ತಿಳಿಸಿದ್ದೂ ಇದೇ ಠಾಣೆ.

'ತೇಲಿದ್ದು ಗಡ್ಡೆ ತಾನೇ' ಅಂತೀರಾ? ಆ ಗಡ್ಡೆ ಯಾವ ಕಡೆ ಹೋಗುತ್ತೆ, ಎಷ್ಟು ಬೇಗ ಹೋಗುತ್ತೆ ಅನ್ನುವುದೇ ಗೊತ್ತಿರಲಿಲ್ಲ! ಸೂರ್ಯ, ನಕ್ಷತ್ರ ನೋಡಿ ತಾವಿರುವ ಜಾಗ ಲೆಕ್ಕ ಹಾಕಿ ಹಾಕಿ ಆ ದಾರಿ ಗುರುತಿಸಿದವರು ಇವರು. 274 ದಿನ, 2,000 ಕಿಲೋಮೀಟರ್‌ಗೂ ಜಾಸ್ತಿ. ಗ್ರೀನ್‌ಲ್ಯಾಂಡ್ ಬದಿಗೆ ಬಂದಾಗ, ಫೆಬ್ರವರಿ 1ರ ಬಿರುಗಾಳಿಗೆ ಗಡ್ಡೆ ಒಡೆಯಿತು. ಕಿಲೋಮೀಟರ್‌ಗಟ್ಟಲೆ ಇದ್ದದ್ದು 300 ಮೀಟರ್ ಉದ್ದ, 200 ಮೀಟರ್ ಅಗಲದ ತುಂಡಾಯಿತು. ಆಗಲೂ ಅಳತೆ ನಿಲ್ಲಿಸಲಿಲ್ಲ. ಫೆಬ್ರವರಿ 19ಕ್ಕೆ 'ತೈಮೀರ್', 'ಮುರ್ಮಾನ್' ಹಡಗುಗಳು ಬಂದು ಕರೆದುಕೊಂಡು ಹೋದವು.

ಇನ್ನೊಬ್ಬರು ಹೇಳ್ತಾರೆ, ಈಗ ಉಪಗ್ರಹ ಇದೆ, ಇದೆಲ್ಲ ಯಾಕೆ ಅಂತ. ಸ್ವಾಮಿ, ಮಂಜಿನ ಕೆಳಗಿನ ನೀರನ್ನು ಉಪಗ್ರಹ ಬಾಟಲಿಗೆ ತುಂಬಿಕೊಡುತ್ತದಾ? ತೂತು ಕೊರೆಯಲೇಬೇಕು. ಕೊರೆಯೋಣ ಅಂದರೆ ಗಟ್ಟಿ ಮಂಜೇ ಸಿಗುತ್ತಿಲ್ಲ. ಇದೇ ಸಾಲಿನ ಮುಂದಿನ ಠಾಣೆಗಳಲ್ಲಿ ಒಂದಾದ 'ಉತ್ತರ ಧ್ರುವ-22' ಒಂದೇ ಗಡ್ಡೆಯ ಮೇಲೆ 1973ರಿಂದ 1982ರವರೆಗೆ ಇತ್ತು. 2013ರಲ್ಲಿ 'ಉತ್ತರ ಧ್ರುವ-40'ರ ಗಡ್ಡೆ ಒಡೆಯತೊಡಗಿ, ಜನರನ್ನು ಅವಸರದಲ್ಲಿ ಕರೆತರಬೇಕಾಯಿತು. ನನಗೆ ಸಂಕಟ ಆಗುವುದು ಇಲ್ಲೇ.

ಇನ್ನೇನು ಹೇಳಲಿ? ಆ ರಾಟೆ ನೆನಪಿಸಿಕೊಳ್ಳಿ. 4,290 ಮೀಟರ್ ತಂತಿ, ಕೈಯಲ್ಲಿ! ಸುಮ್ನೆ ಕೂತಿರಲಿಲ್ಲ ರೀ, ಕೂತಿರಲಿಲ್ಲ!

ಮುಂದಿನ ವಾರ 1950ರ ಎರಡನೇ ಠಾಣೆ, ಸೋಮೊವ್ ತಂಡದ ಕಥೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಕನ್ನಡದಲ್ಲಿ ಇಂಥ ವಿಷಯ ಬೇಕು ಅನ್ನುವ ಗೆಳೆಯರಿಗೂ ಕಳಿಸಿ. ಆ ಕಾಮೆಂಟ್ ಬರೆದವರೇ, ನೀವೂ ಖಂಡಿತ ಬನ್ನಿ.