ಮುಯ್ಯಿ ಬರೆಯದ ಪ್ರೀತಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕೋಲಾರದ ಕಡೆ ಮದುವೆಗೆ ಹೋದರೆ ಛತ್ರದ ಬಾಗಿಲ ಹತ್ತಿರ ಒಂದು ಮೇಜು ಕಾಣುತ್ತದೆ. ಅಕ್ಷರ ದುಂಡಗಿರುವ ಹುಡುಗನೊಬ್ಬ ನೋಟ್‌ಬುಕ್ಕು ತೆರೆದು ಕೂತಿರುತ್ತಾನೆ. ಹೆಸರು, ಊರು, ಮುಯ್ಯಿ ಎಷ್ಟು ಎಂದು ಸಾಲಾಗಿ ಬರೆದುಕೊಳ್ಳುತ್ತಾನೆ. ಆ ಪುಸ್ತಕ ಟ್ರಂಕಿನಲ್ಲಿ ವರ್ಷಗಟ್ಟಲೆ ಭದ್ರವಾಗಿರುತ್ತದೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಹಾಳೆ ತಿರುವಿ ನೋಡುತ್ತೇವೆ. ಅವರು ಐನೂರು ಹಾಕಿದ್ದರೆ ನಾವು ಅದಕ್ಕಿಂತ ಕಮ್ಮಿ ಹಾಕುವ ಹಾಗಿಲ್ಲ. ಇದು ಕೆಟ್ಟ ಪದ್ಧತಿ ಎಂದು ನಾನು ಹೇಳುವುದಿಲ್ಲ. ಸಾಲ ಹುಟ್ಟದ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆ ನಡೆದಿರುವುದೇ ಈ ಮುಯ್ಯಿಯಿಂದ. ತೊಂದರೆ ಬರುವುದು ಮನುಷ್ಯರ ಮೇಲಿನ ಪ್ರೀತಿಯನ್ನೂ ಅದೇ ಪುಸ್ತಕದಲ್ಲಿ ಬರೆಯತೊಡಗಿದಾಗ.

ಬೈಬಲಿನ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಊಟಕ್ಕೆ ಕರೆದವನಿಗೇ ನೇರವಾಗಿ ಒಂದು ಮಾತು ಹೇಳುತ್ತಾನೆ. ಔತಣ ಮಾಡಿದಾಗ ನೆಂಟರನ್ನು, ಹಣವಂತರಾದ ನೆರೆಯವರನ್ನು ಕರೆಯಬೇಡ. ಅವರು ನಿನ್ನನ್ನು ತಿರುಗಿ ಕರೆದು ತೀರಿಸಿಬಿಡುತ್ತಾರೆ. ಬಡವರನ್ನು, ಅಂಗವಿಕಲರನ್ನು, ಕುಂಟರನ್ನು, ಕುರುಡರನ್ನು ಕರೆ. ತೀರಿಸಲು ಅವರ ಹತ್ತಿರ ಏನೂ ಇಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಪ್ರೀತಿಯ ಗುಣಗಳನ್ನು ಹೇಳುವಾಗ, ಅದು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎನ್ನುತ್ತಾನೆ. ಅಲ್ಲಿ ಅವನು ಬಳಸಿರುವ ಗ್ರೀಕ್ ಪದ ಲೆಕ್ಕ ಬರೆಯುವವರ ಪದ. ಖಾತೆಗೆ ಹಾಕು, ಲೆಕ್ಕಕ್ಕೆ ಹಿಡಿ ಎಂಬ ಅರ್ಥ ಅದಕ್ಕಿದೆ. ಅಂದರೆ ಬಂದ ಕೆಟ್ಟದ್ದನ್ನು ಖಾತೆಗೆ ಹಾಕದ ಪ್ರೀತಿ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ಪ್ರೀತಿಗೇ ಅಗಾಪೆ ಎಂದಿರುವುದು.

ಇದನ್ನು ದಿನದ ಬದುಕಿನಲ್ಲಿ ಮಾಡುವುದು ಹೇಗೆ? ಸಮಾರ್ಯ ಸೀಮೆಯವನೊಬ್ಬನ ಬಗ್ಗೆ ಯೇಸು ಹೇಳಿದ ಸಾಮತಿಯನ್ನು, ಅಂದರೆ ನೀತಿಕಥೆಯನ್ನು, ಎಲ್ಲರೂ ಕೇಳಿದ್ದೀರಿ. ಈ ಸಲ ಕೆಲಸದ ಪಟ್ಟಿಯಂತೆ ಓದಿ ನೋಡಿ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಹೊಡೆದುಹಾಕಿದ ಮನುಷ್ಯ ಬಿದ್ದಿದ್ದಾನೆ. ಸಮಾರ್ಯದವನು ಹತ್ತಿರ ಹೋಗುತ್ತಾನೆ, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ, ತನ್ನ ವಾಹನದ ಪಶುವಿನ ಮೇಲೆ ಹತ್ತಿಸಿ ಛತ್ರಕ್ಕೆ ಕರೆತರುತ್ತಾನೆ, ಆ ರಾತ್ರಿ ಆರೈಕೆ ಮಾಡುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಡುತ್ತಾನೆ. ಒಂದು ದಿನಾರಿ ಆಗ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ಪ್ರಯಾಣಕ್ಕೆ ಹೊರಡುತ್ತಾನೆ. ಬಿದ್ದವನ ಜಾತಿ, ಊರು ಕೇಳಲಿಲ್ಲ. ಇಷ್ಟೇ ಗಮನಿಸಬೇಕಾದ ಇನ್ನೊಂದು ಮಾತು: ತನ್ನ ಕೆಲಸವನ್ನೂ ಬಿಡಲಿಲ್ಲ.

ನಮ್ಮ ಯೆರಿಕೋ ದಾರಿ ರಾಷ್ಟ್ರೀಯ ಹೆದ್ದಾರಿ 75. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲಿನ ಮೇಲೆ ಹೋಗುವ ಆ ರಸ್ತೆಯಲ್ಲಿ ಬೈಕಿನಿಂದ ಬಿದ್ದವರನ್ನು ಕಂಡರೆ ಜನ ಮುತ್ತಿಕೊಳ್ಳುತ್ತಾರೆ, ಕೈ ಹಾಕುವುದಿಲ್ಲ. ಪೊಲೀಸು, ಕೋರ್ಟು ಎಂಬ ಭಯ. ಆ ಭಯಕ್ಕೆ ಈಗ ಕಾನೂನಿನಲ್ಲೇ ಉತ್ತರವಿದೆ. 2016ರಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮನ್ನೇ ಸೇರಿಸಿದರು. ಹೆಸರು, ವಿಳಾಸ ಹೇಳಲೇಬೇಕು ಎಂದು ನಿಮ್ಮನ್ನು ಯಾರೂ ಬಲವಂತ ಮಾಡುವ ಹಾಗಿಲ್ಲ. ಮೊದಲು 108ಕ್ಕೆ ಫೋನ್ ಮಾಡಿ, ಯಾವ ಊರಿನ ಗೇಟು, ರಸ್ತೆಯ ಯಾವ ಕಡೆ ಎಂದು ಸ್ಪಷ್ಟವಾಗಿ ಹೇಳಿ. ರಕ್ತ ಸುರಿಯುತ್ತಿದ್ದರೆ ಒಗೆದ ಟವೆಲು ಮಡಚಿ ಗಾಯದ ಮೇಲಿಟ್ಟು ಅದುಮಿ ಹಿಡಿಯಿರಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದೂ ಕಿತ್ತುಬರುತ್ತದೆ. ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕುತ್ತಿಗೆಯ ಮೂಳೆಗೆ ಪೆಟ್ಟಾಗಿರಬಹುದು. ಬಾಯಿಗೆ ನೀರು ಹಾಕಬೇಡಿ. ಪ್ರೀತಿಯಿಂದಲೇ ನೀರು ಹಾಕುತ್ತಾರೆ, ಆದರೆ ಪ್ರಜ್ಞೆಯಿಲ್ಲದವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಇನ್ನು ಆಸ್ಪತ್ರೆ. ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿದ ಇಟಿಸಿಎಂ ಆಸ್ಪತ್ರೆಯಿದೆ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿದೆ. ಚರ್ಚಿನ ಸಭೆಯವರು ಗುಂಪಾಗಿ ಹೋಗಿ ಪ್ರಾರ್ಥನೆ ಮಾಡಿ ಬರುವ ವಾಡಿಕೆಯೂ ಇದೆ. ಆದರೆ ಹತ್ತು ಜನ ಮಂಚದ ಸುತ್ತ ನಿಂತರೆ ರೋಗಿಗೆ ಉಸಿರು ಕಟ್ಟುತ್ತದೆ. ಇಬ್ಬರು ಹೋಗಿ, ಹದಿನೈದು ನಿಮಿಷ ಸಾಕು. ಇದಕ್ಕಿಂತ ದೊಡ್ಡ ಕೆಲಸ, ರೋಗಿಯನ್ನು ನೋಡಿಕೊಳ್ಳುತ್ತ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡಿರುವ ಹೆಂಗಸಿಗೆ ನೆರವಾಗುವುದು. ಮೂರು ರಾತ್ರಿಯಿಂದ ಕಣ್ಣು ಮುಚ್ಚಿರುವುದಿಲ್ಲ, ತಲೆಗೆ ನೀರು ಹಾಕಿಕೊಂಡಿರುವುದಿಲ್ಲ. "ಏನಾದ್ರೂ ಬೇಕಿದ್ರೆ ಹೇಳಮ್ಮ" ಎಂದರೆ ಅವಳು ಹೇಳುವುದಿಲ್ಲ. ಸಂಕೋಚದವರು ಯಾರೂ ಬಾಯಿ ಬಿಡುವುದಿಲ್ಲ. "ನೀವು ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಬನ್ನಿ ಅಕ್ಕ, ಸಂಜೆ ಆರರ ತನಕ ಇಲ್ಲಿ ನಾನಿರ್ತೀನಿ" ಎಂದು ಹೊತ್ತು ಗೊತ್ತುಮಾಡಿ ಹೇಳಬೇಕು.

ಡಯಾಲಿಸಿಸ್ ಮಾಡಿಸುವ ಮನೆಗಳ ಬಗ್ಗೆ ಒಂದಿಷ್ಟು ಹೆಚ್ಚೇ ಹೇಳಬೇಕು. ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹಳ್ಳಿಯಿಂದ ಬಂದು ಹೋಗುವುದನ್ನು ಸೇರಿಸಿದರೆ ದಿನವೇ ಮುಗಿಯಿತು. ಜೊತೆಗೆ ಬರುವವರ ಕೂಲಿ ಅಷ್ಟೂ ದಿನ ಹೋಗುತ್ತದೆ. ಮೊದಲ ತಿಂಗಳು ನೆಂಟರೆಲ್ಲ ಬರುತ್ತಾರೆ, ಆರನೇ ತಿಂಗಳಿಗೆ ಯಾರೂ ಇರುವುದಿಲ್ಲ, ಕಾಯಿಲೆ ಮಾತ್ರ ಹಾಗೇ ಇರುತ್ತದೆ. ಹೀಗಾಗಿ ಎಲ್ಲ ದಿನವೂ ನಾನೇ ಬರುತ್ತೇನೆ ಎಂದು ಆವೇಶದಲ್ಲಿ ಒಪ್ಪಿಕೊಳ್ಳಬೇಡಿ. ನಾಲ್ಕು ಮನೆಯವರು ಸೇರಿ, ತಿಂಗಳ ಮೊದಲ ಬುಧವಾರ ಒಬ್ಬರದು, ಎರಡನೆಯದು ಇನ್ನೊಬ್ಬರದು ಎಂದು ಹಂಚಿಕೊಂಡರೆ ವರ್ಷ ಪೂರ್ತಿ ನಡೆಯುತ್ತದೆ. ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಕಿತ್ತಳೆ ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಲಸ ನಿಲ್ಲಿಸಿದ ಮೂತ್ರಪಿಂಡ ಅದನ್ನು ಹೊರಗೆ ಹಾಕಲಾರದು, ಹೃದಯದ ಬಡಿತವೇ ಏರುಪೇರಾದೀತು. ನೀರು ಕುಡಿಯುವುದಕ್ಕೂ ಅವರಿಗೆ ಅಳತೆಯಿರುತ್ತದೆ. ಏನು ತರಲಿ ಎಂದು ಮನೆಯವರನ್ನು ಕೇಳಿ ತನ್ನಿ.

ಸಾವಿನ ಮನೆಗೂ ಇದೇ ಮಾತು. ಮೂರು ದಿನ ಅಕ್ಕಪಕ್ಕದಿಂದ ಅನ್ನ ಸಾರು ಬರುತ್ತದೆ. ಇಪ್ಪತ್ತನೇ ದಿನ ಹೋಗಿ.

ಷರತ್ತು ಬಾಗಿಲಿನಿಂದ ಬರುವುದಿಲ್ಲ, ಕಿಟಕಿಯಿಂದ ನುಸುಳುತ್ತದೆ. ಅಕ್ಕಿ ಮೂಟೆ ಕೊಟ್ಟು, ಭಾನುವಾರ ಆರಾಧನೆಗೆ ಬರುತ್ತೀರಿ ತಾನೆ ಎಂದು ಕೇಳಿದರೆ ಅದು ಮುಯ್ಯಿ ಬರೆದ ಹಾಗೆಯೇ. ಕೊಡುವಾಗ ಫೋಟೋ ತೆಗೆದರೂ ಅಷ್ಟೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದಿದ್ದಾನೆ ಯೇಸು, ಫೋಟೋದಲ್ಲಿ ಊರಿಗೆಲ್ಲ ತಿಳಿಯುತ್ತದೆ. ನಾಳೆ ಸಂತೆಯಲ್ಲಿ ಸಿಕ್ಕಾಗ ಅವರು ಮಾತಾಡಿಸಲಿಲ್ಲ ಎಂದು ಮನಸ್ಸು ಮುದುಡಿಕೊಂಡರೆ ಪುಸ್ತಕ ಇನ್ನೂ ತೆರೆದೇ ಇದೆ ಎಂದು ತಿಳಿಯಿರಿ.

ಜಗಳವಾಡಿದವರನ್ನು ಪ್ರೀತಿಸುವುದು ಎಲ್ಲಕ್ಕಿಂತ ಕಷ್ಟ. ಬದು ಒತ್ತಿದ, ಬೋರ್‌ವೆಲ್ ನೀರಿಗೆ ಅಡ್ಡ ನಿಂತ ಪಕ್ಕದ ಹೊಲದವನ ಮೇಲೆ ಪ್ರೀತಿ ಉಕ್ಕುವುದಿಲ್ಲ. ಉಕ್ಕಬೇಕೆಂದು ಬೈಬಲ್ ಕೇಳುವುದೂ ಇಲ್ಲ. ವಿಮೋಚನಕಾಂಡದ 23ನೇ ಅಧ್ಯಾಯ ಕೇಳುವುದು ಬರೀ ಕೆಲಸವನ್ನು: ಶತ್ರುವಿನ ಎತ್ತು ತಪ್ಪಿಸಿಕೊಂಡದ್ದು ಕಂಡರೆ ಅವನಿಗೇ ಹೊಡೆದುಕೊಂಡು ಹೋಗಿ ಒಪ್ಪಿಸು. ಅವನ ಹಸು ನಿಮ್ಮ ರಾಗಿಗೆ ಬಿದ್ದರೆ ದೊಡ್ಡಿಗೆ ಅಟ್ಟದೆ ಅವನ ಕೊಟ್ಟಿಗೆಯಲ್ಲಿ ಕಟ್ಟಿ ಬನ್ನಿ. ಸರ್ವೆ ಮಾಡಿಸಬೇಕೆ, ಮಾಡಿಸಿ. ಅದು ಬೇರೆ ವಿಚಾರ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ ಎಂಬ ಮಾತು, ವರ್ಷವೆಲ್ಲ ತುಂಬಿ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಯವರಿಗೆ ಅರ್ಥವಾದಷ್ಟು ಇನ್ನಾರಿಗೆ ಆದೀತು? ಹದ ಮಳೆ ಬದುವಿನ ಎರಡೂ ಕಡೆ ಬೀಳುತ್ತದೆ.

ಷರತ್ತಿಲ್ಲ ಎಂದರೆ ಎಲ್ಲವನ್ನೂ ಸಹಿಸಿಕೊಂಡಿರುವುದು ಎಂದು ಯಾರೂ ತಿಳಿಯಬಾರದು. ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸಿ ಅಲ್ಲೇ ಇರಮ್ಮ ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳುವುದು ಪ್ರೀತಿಯಲ್ಲ, ಪಾಪ. ಅವಳಿಗೆ ಬೇಕಾದದ್ದು ಆ ರಾತ್ರಿ ಮಲಗಲು ಒಂದು ಮನೆ, ಮತ್ತು 181 ಸಹಾಯವಾಣಿಗೆ ಫೋನು. ಜೀವಕ್ಕೆ ಅಪಾಯವಿದ್ದರೆ 112. ಹಣದ ವಿಚಾರಕ್ಕೂ ಸಮಾರ್ಯದವನ ದಾರಿ ಒಳ್ಳೆಯದು. ಅವನು ದುಡ್ಡು ಕೊಟ್ಟದ್ದು ಛತ್ರದವನ ಕೈಗೆ. ಕುಡಿತಕ್ಕೆ ಬಿದ್ದವನ ಮನೆಗೆ ನೋಟು ಕೊಡುವ ಬದಲು ಮಕ್ಕಳ ಫೀಜನ್ನು ಶಾಲೆಯಲ್ಲೇ ಕಟ್ಟಿ, ಔಷಧವನ್ನು ಅಂಗಡಿಯಲ್ಲೇ ಕೊಡಿಸಿ.

ಕೊನೆಯದು, ಎಷ್ಟೋ ಭಕ್ತರು ಸೋಲುವ ಜಾಗ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಬಾವಿಕಟ್ಟೆಯ ಹತ್ತಿರ ದಣಿದು ಕೂತು, ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯದವರೊಂದಿಗೆ ಹೊಕ್ಕುಬಳಕೆ ಇಟ್ಟುಕೊಂಡಿರಲಿಲ್ಲ, ಅವಳೇ ಬೆರಗಾಗುತ್ತಾಳೆ. ನಮ್ಮ ಹಳ್ಳಿಗಳಲ್ಲಿ ಬೇರೆ ಲೋಟ ಎಂಬುದರ ನೋವು ಬಲ್ಲವರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ಕಾಲೊನಿಯ ಮನೆಗೆ ಅಕ್ಕಿ, ಬೇಳೆ ಕೊಡಲು ಹೋಗುತ್ತೇವೆ. ಆ ಮನೆಯಾಕೆ ಚೊಂಬು ತೊಳೆದು ನೀರು ತಂದರೆ, "ಬೇಡಮ್ಮ, ಈಗ ತಾನೆ ಕುಡಿದೆ" ಎಂದು ಬಾಗಿಲಲ್ಲೇ ನಿಂತು ಬರುತ್ತೇವೆ. ಕೆಲವರು ಚೀಲದಿಂದ ಬಾಟಲಿ ತೆಗೆದು ಅವಳ ಮುಂದೆಯೇ ಕುಡಿಯುತ್ತಾರೆ. ಕೊಟ್ಟ ಅಕ್ಕಿ ಆಗ ಅವಳಿಗೆ ಭಿಕ್ಷೆಯಾಗಿ ಕಾಣುತ್ತದೆ. ಮುಂದಿನ ಸಲ ಹೋದಾಗ ಒಳಗೆ ಹೋಗಿ, ಹಾಸಿದ ಚಾಪೆಯ ಮೇಲೆ ಕೂತು, ಅವರು ಕೇಳುವ ಮೊದಲೇ ನೀವು ಕೇಳಿ: "ಅಕ್ಕಾ, ಒಂದು ಚೊಂಬು ನೀರು ಕೊಡಿ."

ನಮಸ್ಕಾರ.