ಅಮ್ಮನಿಗೆ ನೆಗಡಿಯಾದರೆ ಹಾಲು ನಿಲ್ಲಿಸಬೇಕಾ?

ಎಲ್ಲರಿಗೂ ನಮಸ್ಕಾರ.

ಬಾಣಂತಿಯರು ಪದೇ ಪದೇ ಕೇಳುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ನಂಗೆ ನೆಗಡಿ ಆಗಿದೆ, ಮಗುವಿಗೆ ಹಾಲು ಕೊಡಬಹುದಾ?" ಖಂಡಿತ ಕೊಡಿ. ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಳ್ಳಿ, ಕೈ ತೊಳೆದುಕೊಳ್ಳಿ. ಹಾಲು ಮಾತ್ರ ನಿಲ್ಲಿಸಬೇಡಿ.

ನಿಮ್ಮ ಮೂಗು ಸೋರಲು ಶುರುವಾಗುವ ಹೊತ್ತಿಗೆ ಆ ವೈರಸ್ ಮಗುವಿಗೂ ತಗುಲಿರಬಹುದು. ಅದೇ ಹೊತ್ತಿಗೆ ನಿಮ್ಮ ಮೈ ಅದರ ಜೊತೆ ಹೋರಾಟಕ್ಕೆ ಇಳಿದಿರುತ್ತದೆ. ಕರುಳು ಮತ್ತು ಉಸಿರಿನ ದಾರಿಯಲ್ಲಿ ರೋಗಾಣುವನ್ನು ಗುರುತು ಹಿಡಿದ ಬಿಳಿ ರಕ್ತಕಣಗಳಲ್ಲಿ ಕೆಲವು ಸ್ತನಕ್ಕೆ ಬಂದು ಸೇರುತ್ತವೆ. ಅಲ್ಲಿ ಅವು ತಯಾರಿಸುವ ಐಜಿಎ ಎಂಬ ಪ್ರತಿಕಾಯ ಹಾಲಿಗೆ ಇಳಿಯುತ್ತದೆ. ಮಗುವಿನ ಬಾಯಿ, ಗಂಟಲಲ್ಲಿ ಅದು ರೋಗಾಣುವನ್ನು ಹಿಡಿದು, ಒಳಗೆ ಅಂಟದ ಹಾಗೆ ತಡೆಯುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ಈಗ ಓಡಾಡುತ್ತಿರುವ ಕಾಯಿಲೆಗೇ ಮದ್ದು! ಪುಡಿ ಹಾಲಿನ ಡಬ್ಬಿಯಲ್ಲಿ ಇದು ಸಿಗುವುದಿಲ್ಲ. ಮೊದಲ ದಿನಗಳ ಹಳದಿ ಗಿಣ್ಣುಹಾಲಿನಲ್ಲಂತೂ ಐಜಿಎ ತುಂಬಿರುತ್ತದೆ. ದಯವಿಟ್ಟು ಅದನ್ನು ಹಿಂಡಿ ಚೆಲ್ಲಬೇಡಿ.

ಹಾಗಾದರೆ ಎದೆಹಾಲು ಕುಡಿದ ಮಗುವಿಗೆ ನೆಗಡಿಯೇ ಬರಲ್ವಾ? ಬರುತ್ತದೆ. ಬೆಲಾರೂಸ್‌ನಲ್ಲಿ 17,000ಕ್ಕೂ ಹೆಚ್ಚು ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. 2001ರಲ್ಲಿ ಅದರ ಫಲಿತಾಂಶ ಬಂತು. ಹೆಚ್ಚು ದಿನ ಎದೆಹಾಲು ಕುಡಿದ ಗುಂಪಿನಲ್ಲಿ ಭೇದಿ ಕಡಿಮೆಯಾಗಿತ್ತು, ಉಸಿರಾಟದ ಸೋಂಕಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಎರಡೂ ಗುಂಪಿನ ತಾಯಂದಿರು ಹಾಲೂಡಿಸಲು ಶುರು ಮಾಡಿದ್ದವರೇ, ಅಂದರೆ ಎದೆಹಾಲೇ ಕುಡಿಯದ ಮಕ್ಕಳ ಜೊತೆ ಹೋಲಿಕೆ ಆಗಲಿಲ್ಲ. ಮುಂದುವರಿದ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2003ರ ವಿಶ್ಲೇಷಣೆ ಬೇರೆ ಲೆಕ್ಕ ಕೊಡುತ್ತದೆ. ಕನಿಷ್ಠ 4 ತಿಂಗಳು ಬರೀ ಎದೆಹಾಲು ಕುಡಿದ ಮಕ್ಕಳು ಶ್ವಾಸಕೋಶದ ಸೋಂಕಿಗೆ ಆಸ್ಪತ್ರೆ ಸೇರುವ ಅಪಾಯ, ಪುಡಿ ಹಾಲಿನ ಮಕ್ಕಳಿಗಿಂತ ಸುಮಾರು 70% ಕಡಿಮೆ ಇತ್ತು. ನನಗೆ ಮುಖ್ಯ ಅನಿಸುವುದು ಇದೇ. ಮೂಗು ಸೋರುವುದು ತಪ್ಪದಿರಬಹುದು, ಅದು ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಕೆಲವರಿಗೆ ಹಾಲು ಸಾಲುವುದಿಲ್ಲ, ಕೆಲವರಿಗೆ ಕೆಲಸಕ್ಕೆ ಹೋಗಲೇಬೇಕು. ಅವರನ್ನು ಯಾರೂ ನೋಯಿಸಬೇಡಿ. ದಿನಕ್ಕೆ ಎರಡು ಸಲ ಆದರೂ ಎದೆಹಾಲು ಕೊಟ್ಟರೆ ಅದಕ್ಕೂ ಬೆಲೆಯಿದೆ. ಬಾಟಲಿಯಲ್ಲಿ ಕೊಡುವಾಗ ಮಗುವಿನ ತಲೆ ಎತ್ತಿ ಹಿಡಿಯಿರಿ. ಮಲಗಿಸಿಯೇ ಕುಡಿಸಿದರೆ ಹಾಲು ಗಂಟಲಿಂದ ಕಿವಿಯ ಕೊಳವೆಗೆ ಹೋಗಿ ಕಿವಿ ಸೋಂಕು ಆಗಬಹುದು. ಇನ್ನು, ಮನೆಯೊಳಗೆ ಯಾರೂ ಬೀಡಿ ಸಿಗರೇಟು ಸೇದಲೇಬಾರದು, ಮಗು ಯಾವ ಹಾಲು ಕುಡಿದರೂ ಸರಿ.

ಮೂಗು ಕಟ್ಟಿದ ಮಗು ಹಾಲು ಕುಡಿಯುವುದನ್ನು ನೋಡಿದ್ದೀರಾ? ಎರಡು ಸಲ ಚೀಪುತ್ತದೆ, ಬಾಯಿ ಬಿಟ್ಟು ಉಸಿರೆಳೆಯುತ್ತದೆ, ಸಿಟ್ಟಲ್ಲಿ ಅಳುತ್ತದೆ. "ಹಾಲು ಬೇಡ ಅಂತಿದೆ" ಅಂದುಕೊಳ್ಳುತ್ತೇವೆ. ಪಾಪ, ಅದಕ್ಕೆ ಹಸಿವಿದೆ, ಉಸಿರಿಗೆ ಮೂಗಿಲ್ಲ ಅಷ್ಟೇ. ಮೂಗಿಗೆ ಎರಡು ಹನಿ ಸಲೈನ್ ಡ್ರಾಪ್ಸ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದೆಗೆ ಹಚ್ಚಿಕೊಳ್ಳಿ. ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಿ.

ಅಂಗಿ ಎತ್ತಿ ಎದೆಯನ್ನೂ ನೋಡಿ. ಮಗು ಸುಮ್ನೆ ಇದ್ದಾಗ ಪೂರ್ತಿ 1 ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, ಅಲ್ಲಿಂದ 1 ವರ್ಷದವರೆಗೆ 50 ಮುಟ್ಟಿದರೆ, ಪಕ್ಕೆಯ ಕೆಳಗೆ ಎದೆ ಒಳಕ್ಕೆ ಎಳೆಯುತ್ತಿದ್ದರೆ, ಅಥವಾ ಮಗು ಹಾಲೇ ಕುಡಿಯದಿದ್ದರೆ ಆಸ್ಪತ್ರೆಗೆ ಹೊರಡಿ. ರಾತ್ರಿ 2 ಗಂಟೆ ಆಗಿದ್ದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.