ವಸಡಿನ ಚಿಕಿತ್ಸೆ ಮತ್ತು ಪೂರಕ ಮಾತ್ರೆಗಳು

ನಮಸ್ಕಾರ. ಋತುಬಂಧ ದಾಟಿದ ಎಷ್ಟೋ ಮಹಿಳೆಯರು ವಸಡಿನಲ್ಲಿ ರಕ್ತ ಕಂಡಾಗ ದಂತವೈದ್ಯರ ಬಳಿಗೆ ಹೋಗುವ ಮೊದಲು ಕ್ಯಾಲ್ಸಿಯಂ ಮಾತ್ರೆ ಕೊಳ್ಳುತ್ತಾರೆ. ಈ ಕ್ರಮ ಬದಲಾಗಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಾತ್ರೆಯ ಯೋಚನೆ ಆಧಾರವಿಲ್ಲದ್ದೇನಲ್ಲ. ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಋತುಬಂಧದಲ್ಲಿ ಕುಸಿದಾಗ ಮೂಳೆಗಳು ಸವೆಯುತ್ತವೆ, ಹಲ್ಲನ್ನು ಹಿಡಿದಿರುವ ದವಡೆಯ ಮೂಳೆಯೂ ಇದಕ್ಕೆ ಹೊರತಲ್ಲ. ವಿಟಮಿನ್ ಡಿ ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ವಿಟಮಿನ್ ಸಿ ತೀರಾ ಕಡಿಮೆಯಾದರೆ ವಸಡೇ ಒಸರುತ್ತದೆ. ಆದರೆ ವಸಡಿನ ರೋಗಕ್ಕೆ ಮೂಲ, ವಸಡಿನ ಅಂಚಿನ ಕೆಳಗೆ ಪದರವಾಗಿ ಕೂತು ಕಾಲಕ್ರಮೇಣ ಕಲ್ಲಿನಂತೆ ಗಟ್ಟಿಯಾಗುವ ಬ್ಯಾಕ್ಟೀರಿಯಾದ ಪಾಚಿ. ವೈದ್ಯರು ಗುರುತುಗಳಿರುವ ತೆಳುವಾದ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ ಆಳ ಅಳೆಯುತ್ತಾರೆ: ಆರೋಗ್ಯವಂತ ವಸಡಿನಲ್ಲಿ ಅದು ಸಾಮಾನ್ಯವಾಗಿ 3 ಮಿಲಿಮೀಟರ್ ದಾಟುವುದಿಲ್ಲ, 5 ಅಥವಾ 6 ಇದ್ದಲ್ಲಿ ಬ್ರಷ್ಷಿನ ಎಳೆ ತಳ ಮುಟ್ಟದು, ಹೊಟ್ಟೆಗೆ ಹೋದ ಮಾತ್ರೆಯಂತೂ ಅಲ್ಲಿನ ಕಲ್ಲನ್ನು ಕರಗಿಸದು. ಅದನ್ನು ಕೆರೆದೇ ತೆಗೆಯಬೇಕು, ಬೇರಿನ ಮೇಲ್ಮೈಯನ್ನು ನಯಗೊಳಿಸಬೇಕು, ಕೆಲವು ವಾರಗಳ ನಂತರ ಮತ್ತೆ ಅಳೆಯಬೇಕು. ಈ ಶುದ್ಧೀಕರಣದ ಜೊತೆಗೆ ಒಮೆಗಾ-3 ಅಥವಾ ವಿಟಮಿನ್ ಡಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಕೆಲವು ಅಲ್ಪ ಲಾಭವನ್ನು ಕಂಡಿವೆ, ಕೆಲವು ಕಂಡಿಲ್ಲ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಅದನ್ನು ತುಂಬಿಕೊಳ್ಳುವುದು ಸರಿ. ಕೊರತೆಯೇ ಇಲ್ಲದವರು ವಸಡಿಗೆಂದು ಪ್ರಮಾಣ ಏರಿಸುವುದನ್ನು ನಾನು ಒಪ್ಪುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ದಂತವೈದ್ಯರು ಕೇಳಿದಾಗ, ಚೀಟಿಯಿಲ್ಲದೆ ಕೊಂಡ ಮಾತ್ರೆಗಳನ್ನು ಔಷಧವೆಂದು ಎಣಿಸದೆ ಅನೇಕರು ಬಿಟ್ಟುಬಿಡುತ್ತಾರೆ. ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದ ಜೊತೆಗೆ ಹೆಚ್ಚು ಪ್ರಮಾಣದ ವಿಟಮಿನ್ ಇ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವಿಟಮಿನ್ ಕೆ ಅದೇ ಔಷಧದ ಪ್ರಭಾವವನ್ನು ಕುಗ್ಗಿಸುತ್ತದೆ. ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ 4 ಗಂಟೆಯ ಅಂತರವಿರಬೇಕೆಂಬುದೂ ಬಹಳ ಮಂದಿಗೆ ತಿಳಿದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಅಥವಾ ಡೆನೊಸುಮ್ಯಾಬ್ ಪಡೆಯುತ್ತಿರುವವರಲ್ಲಿ ಹಲ್ಲು ಕೀಳಿಸಿದ ಬಳಿಕ, ಅಪರೂಪಕ್ಕಾದರೂ, ದವಡೆಯ ಮೂಳೆ ಮಾಯದೆ ಕೊಳೆಯುವ ಸಾಧ್ಯತೆಯಿದೆ. ಆರು ತಿಂಗಳಿಗೊಮ್ಮೆ ಪಡೆಯುವ ಡೆನೊಸುಮ್ಯಾಬ್ ಚುಚ್ಚುಮದ್ದು ನೆನಪಿನಿಂದ ಜಾರುವುದು ಸುಲಭ, ಅದನ್ನೂ ಹೇಳಲೇಬೇಕು.

ಆದ್ದರಿಂದ ತಾಯಂದಿರೇ, ಮುಂದಿನ ಬಾರಿ ದಂತವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ತೋರಿಸಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಯಾವುದು ಇರಬೇಕು, ಯಾವುದು ಬೇಡ ಎಂಬುದನ್ನು ದಂತವೈದ್ಯರೂ ನಿಮ್ಮ ವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಲಿ.